ಪ್ರಶ್ನೋತ್ತರ: ಎಲ್‌ಇಡಿ ಡ್ರೈವರ್, ಬೆಳಕಿನ ಮಟ್ಟ ಮತ್ತು ಬಣ್ಣ

ಎಲ್‌ಇಡಿಗಳ ಬೆಳಕನ್ನು ಏರಿಳಿಸುವ ಮತ್ತು ಬಣ್ಣ ಬದಲಿಸುವ ಡ್ರೈವರ್ ಸರ್ಕೀಟುಗಳ ಬಗ್ಗೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಸೌರ ದೀಪದಿಂದ ಹಿಡಿದು ನಾಟಕದ ರಂಗದವರೆಗೆ ಪ್ರಶ್ನೆಗಳು ಹರಡಿಕೊಂಡಿದ್ದರೂ ಹೆಚ್ಚಿನ ತೊಂದರೆಗಳ ಬೇರು ಒಂದೇ ಕಡೆ ಇದೆ. ಎಲ್‌ಇಡಿಗೆ ಕೊಡಬೇಕಾದದ್ದು ಗೊತ್ತಾದ ಕರೆಂಟು. ನಾವು ಕೊಡುತ್ತಿರುವುದು ಗೊತ್ತಾದ ವೋಲ್ಟೇಜು.

ಪ್ರಶ್ನೆ: ಹೊಲದ ಗುಡಿಸಲಿನಲ್ಲಿ ಸೌರ ಫಲಕದಿಂದ ಚಾರ್ಜ್ ಆಗುವ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಇದೆ. ಒಂದು ವಾಟಿನ ಮೂರು ಬಿಳಿ ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿ 10 ಓಮಿನ ರೆಸಿಸ್ಟರ್ ಹಾಕಿದ್ದೇನೆ. ಚಾರ್ಜ್ ಆಗುವಾಗ ಹಚ್ಚಿದರೆ ಕಣ್ಣು ಕುಕ್ಕುತ್ತದೆ, ಬೆಳಗಿನ ಜಾವಕ್ಕೆ ಮಂಕಾಗುತ್ತದೆ. ಒಂದು ಎಲ್‌ಇಡಿ ಈಗಾಗಲೇ ಸುಟ್ಟಿದೆ. ಬೆಳಕು ಒಂದೇ ಸಮನಾಗಿರಬೇಕು, ಬೇಕೆಂದಾಗ ತಗ್ಗಿಸಿಕೊಳ್ಳುವಂತೆಯೂ ಇರಬೇಕು. ಏನು ಮಾಡಲಿ? — ಸುರಪುರದ ಓದುಗರು

ಉತ್ತರ: ನಿಮ್ಮ ಜೋಡಣೆಯನ್ನು ಲೆಕ್ಕ ಹಾಕಿ ನೋಡಿದರೆ ದೀಪ ಹೀಗೇಕೆ ವರ್ತಿಸುತ್ತಿದೆ ಎಂಬುದು ಕಾಣುತ್ತದೆ. ಬಿಳಿ ಎಲ್‌ಇಡಿ ಎಂಬುದು ನಿಜಕ್ಕೂ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಲೇಪನವಿರುತ್ತದೆ. ಆ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ್ದಕ್ಕೇ ಅಕಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂದದ್ದು. ನೀಲಿ ಎಲ್‌ಇಡಿ ಬೆಳಗಲು ಸುಮಾರು 3.1 ವೋಲ್ಟ್ ಬೇಕು, ಮೂರಕ್ಕೆ 9.3 ವೋಲ್ಟ್. ಬ್ಯಾಟರಿ 12.6 ವೋಲ್ಟ್ ಇದ್ದಾಗ ರೆಸಿಸ್ಟರಿನ ಪಾಲಿಗೆ 3.3 ವೋಲ್ಟ್ ಉಳಿಯುವುದರಿಂದ 330 ಮಿಲಿಆಂಪಿಯರ್ ಹರಿಯುತ್ತದೆ. ಇದು ಸರಿಯಾದ ಪ್ರಮಾಣ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟಿಗೆ ಏರಿದರೆ 510 ಮಿಲಿಆಂಪಿಯರ್, ಬೆಳಗಿನ ಜಾವ 11 ವೋಲ್ಟಿಗೆ ಇಳಿದರೆ 170 ಮಿಲಿಆಂಪಿಯರ್. ಬ್ಯಾಟರಿಯ ವೋಲ್ಟೇಜು ಕಾಲು ಭಾಗದಷ್ಟು ಇಳಿಯುವಷ್ಟರಲ್ಲಿ ಕರೆಂಟು ಮೂರನೇ ಒಂದಕ್ಕೆ ಕುಸಿಯುತ್ತದೆ. ಜೊತೆಗೆ, ಎಲ್‌ಇಡಿ ಬಿಸಿಯಾದಂತೆ ಅದು ಬೇಡುವ ವೋಲ್ಟೇಜು ಪ್ರತಿ ಡಿಗ್ರಿಗೆ ಎರಡರಿಂದ ನಾಲ್ಕು ಮಿಲಿವೋಲ್ಟ್ ತಗ್ಗುತ್ತದೆ. ಅಂದರೆ ಬಿಸಿಯಾದಷ್ಟೂ ಹೆಚ್ಚು ಕರೆಂಟು, ಹೆಚ್ಚು ಕರೆಂಟಿನಿಂದ ಮತ್ತಷ್ಟು ಬಿಸಿ. ಸುಟ್ಟುಹೋದ ಎಲ್‌ಇಡಿ ಈ ಹಾದಿಯಲ್ಲೇ ಹೋಗಿರುವ ಸಾಧ್ಯತೆ ಹೆಚ್ಚು.

ರೆಸಿಸ್ಟರನ್ನು ದೊಡ್ಡದು ಮಾಡಿದರೆ ಸುಡುವುದು ತಪ್ಪೀತು, ಮಂಕಾಗುವುದು ತಪ್ಪದು. ಸರಿಯಾದ ದಾರಿಯೆಂದರೆ ಬ್ಯಾಟರಿಯ ವೋಲ್ಟೇಜು ಎಷ್ಟೇ ಇರಲಿ, ಅದನ್ನು ಇಳಿಸಿ ನಿಗದಿತ ಕರೆಂಟನ್ನೇ ಎಲ್‌ಇಡಿಗೆ ತಲುಪಿಸುವ ಬಕ್ ಡ್ರೈವರ್. ಇದಕ್ಕೆ ಪಿಟಿ4115 ಎಂಬ ಅಗ್ಗದ ಐಸಿ (ಚಿಪ್) ಸಾಕು. 6ರಿಂದ 30 ವೋಲ್ಟಿನವರೆಗಿನ ಪೂರೈಕೆಯಲ್ಲಿ ಕೆಲಸ ಮಾಡುತ್ತದೆ. ಅದು ಕರೆಂಟನ್ನು ಅಳೆಯಲು ಇಟ್ಟ ಒಂದು ಸಣ್ಣ ಸೆನ್ಸ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಸರಾಸರಿ 0.1 ವೋಲ್ಟ್ ಇರುವಂತೆ ನೋಡಿಕೊಳ್ಳುತ್ತದೆ. 0.3 ಓಮ್ ಹಾಕಿದರೆ 333 ಮಿಲಿಆಂಪಿಯರ್, ಅಲ್ಲಿಗೆ ಲೆಕ್ಕ ಮುಗಿಯಿತು. ಜೊತೆಗೆ ಬೇಕಾದದ್ದು 68 ಮೈಕ್ರೋಹೆನ್ರಿಯ, ಒಂದು ಆಂಪಿಯರಿನವರೆಗೆ ಸ್ಯಾಚುರೇಟ್ ಆಗದ (ಅಂದರೆ ಕಾಂತೀಯ ಸಾಮರ್ಥ್ಯ ತುಂಬಿಹೋಗದ) ಇಂಡಕ್ಟರ್ ಸುರುಳಿ, 2 ಆಂಪಿಯರಿನ ಒಂದು ಶಾಟ್ಕಿ ಡಯೋಡ್ ಮತ್ತು ಐಸಿಗೆ ಅಂಟಿಕೊಂಡಂತೆ ಒಂದು 100 ಮೈಕ್ರೋಫ್ಯಾರಡ್ ಕೆಪಾಸಿಟರ್. ಸೆನ್ಸ್ ರೆಸಿಸ್ಟರನ್ನು ಉದ್ದನೆಯ ತಂತಿಯಲ್ಲಿ ತೂಗುಬಿಡಬೇಡಿ. ತಂತಿ ಮತ್ತು ಬೆಸುಗೆ ಸೇರಿ 0.03 ಓಮ್ ಆದರೂ ನಿಮ್ಮ ಕರೆಂಟು ಸುಮಾರು ಶೇಕಡ 10ರಷ್ಟು ತಪ್ಪುತ್ತದೆ, ಮತ್ತು ಆ ತಪ್ಪು ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಕಾಣಿಸುವುದೂ ಇಲ್ಲ.

ಬೆಳಕು ತಗ್ಗಿಸಲು ಅದೇ ಐಸಿಯ ಡಿಮ್ ಪಿನ್ ಇದೆ. ಅದನ್ನು ಖಾಲಿ ಬಿಟ್ಟರೆ ಪೂರ್ಣ ಬೆಳಕು, 0.5ರಿಂದ 2.5 ವೋಲ್ಟಿನವರೆಗೆ ಬದಲಿಸಿದರೆ ಕರೆಂಟು ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಆ ವೋಲ್ಟೇಜನ್ನು ಬ್ಯಾಟರಿಯಿಂದ ನೇರವಾಗಿ ಭಾಗಿಸಿ ಕೊಟ್ಟರೆ ಹಳೆಯ ತೊಂದರೆ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ಆದ್ದರಿಂದ ಟಿಎಲ್431 ಎಂಬ ರೆಫರೆನ್ಸ್ ಐಸಿಯನ್ನು 3.3 ಕಿಲೋಓಮಿನ ಮೂಲಕ ಬ್ಯಾಟರಿಗೆ ಜೋಡಿಸಿ. ಅದು ಕೊಡುವ ಸ್ಥಿರವಾದ 2.5 ವೋಲ್ಟಿನ ಮೇಲೆ 10 ಕಿಲೋಓಮಿನ ಪೊಟೆನ್ಶಿಯೋಮೀಟರ್ ಇಟ್ಟು, ಅದರ ನಡುಗಾಲನ್ನು ಡಿಮ್ ಪಿನ್ನಿಗೆ ಕೊಡಿ.

ಒಂದು ಎಚ್ಚರಿಕೆ ಅಗತ್ಯ. ಈಗ ದೀಪ ಮಂಕಾಗುವುದರಿಂದ ಬ್ಯಾಟರಿ ಬಸವಳಿದಿದೆ ಎಂದು ನಿಮಗೆ ತಿಳಿಯುತ್ತಿದೆ. ಹೊಸ ಡ್ರೈವರ್ ಹಾಕಿದ ಮೇಲೆ ಆ ಸೂಚನೆ ಇರುವುದಿಲ್ಲ. ಬ್ಯಾಟರಿಯ ವೋಲ್ಟೇಜು ಇಳಿದಂತೆ ಡ್ರೈವರ್ ಅದರಿಂದ ಹೆಚ್ಚು ಕರೆಂಟನ್ನೇ ಎಳೆಯುತ್ತದೆ. ಆದ್ದರಿಂದ 11 ವೋಲ್ಟಿನ ಆಸುಪಾಸಿನಲ್ಲಿ ದೀಪವನ್ನು ತಾನಾಗಿಯೇ ಆರಿಸುವ ಚಾರ್ಜ್ ಕಂಟ್ರೋಲರ್ ಇಲ್ಲದೆ ಈ ಬದಲಾವಣೆ ಮಾಡಬೇಡಿ. ಬ್ಯಾಟರಿ ಹಾಳಾದರೆ ಆಗುವ ನಷ್ಟ ಹತ್ತು ಎಲ್‌ಇಡಿಗಳ ಬೆಲೆಗಿಂತ ದೊಡ್ಡದು.

ಪ್ರಶ್ನೆ: ಆರ್ಡುಯಿನೋ ಊನೋ ಎಂಬ ಮೈಕ್ರೋಕಂಟ್ರೋಲರ್ ಬೋರ್ಡು ಬಳಸಿ ಕೆಂಪು, ಹಸಿರು, ನೀಲಿ ಎಲ್‌ಇಡಿಗಳ ಬೆಳಕನ್ನು 0ರಿಂದ 255ರವರೆಗೆ ಏರಿಸುವ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಆರಂಭದಲ್ಲೇ ಬೆಳಕು ನೆಗೆದು ಏರಿ, ಅರ್ಧದ ಮೇಲೆ ಬದಲಾವಣೆಯೇ ಕಾಣುವುದಿಲ್ಲ. ತೀರ ಮಂದ ಬೆಳಕಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಬಣ್ಣವೂ ಕೆಡುತ್ತದೆ. — ಎಂಜಿನಿಯರಿಂಗ್ ವಿದ್ಯಾರ್ಥಿ, ಕಲಬುರಗಿ

ಉತ್ತರ: ನಿಮ್ಮ ಸರ್ಕೀಟಿನಲ್ಲಿ ದೋಷವಿಲ್ಲ. ಆರ್ಡುಯಿನೋ ಬಳಸುವ ಪಿಡಬ್ಲ್ಯೂಎಂ (ಪಲ್ಸ್ ವಿಡ್ತ್ ಮಾಡ್ಯುಲೇಶನ್) ವಿಧಾನದಲ್ಲಿ ಎಲ್‌ಇಡಿಯನ್ನು ವೇಗವಾಗಿ ಹಚ್ಚಿ ಆರಿಸುತ್ತಾ, ಹಚ್ಚಿದ ಅವಧಿಯ ಪಾಲನ್ನು ಬದಲಿಸುತ್ತೇವೆ. ಆ ಪಾಲನ್ನು ಅರ್ಧ ಮಾಡಿದರೆ ಬೆಳಕು ನಿಜವಾಗಿಯೂ ಅರ್ಧವಾಗುತ್ತದೆ. ಆದರೆ ಮನುಷ್ಯನ ಕಣ್ಣು ಬೆಳಕನ್ನು ಆ ಲೆಕ್ಕದಲ್ಲಿ ಅಳೆಯುವುದಿಲ್ಲ. ಬೆಳಕು–ಬಣ್ಣಗಳ ಅಳತೆ ನಿಗದಿಪಡಿಸುವ ಸಿಐಇ ಸಂಸ್ಥೆಯ ಸೂತ್ರದ ಪ್ರಕಾರ, ಕಣ್ಣಿಗೆ ಅರ್ಧದಷ್ಟು ಎನಿಸುವ ಬೆಳಕು ಪೂರ್ಣ ಬೆಳಕಿನ ಶೇಕಡ 18.4 ಮಾತ್ರ, ಕಾಲು ಭಾಗ ಎನಿಸುವುದು ಶೇಕಡ 4.4 ಮಾತ್ರ. ನೀವು 128ಕ್ಕೆ ಬರುವಷ್ಟರಲ್ಲಿ ಕಣ್ಣು ಮುಕ್ಕಾಲು ದಾರಿ ದಾಟಿರುತ್ತದೆ.

ಸೂತ್ರ ಸರಳವಾಗಿದೆ. ಬೇಕಾದ ಮಟ್ಟವನ್ನು 0ರಿಂದ 100ರವರೆಗಿನ ಸಂಖ್ಯೆಯಾಗಿ ತೆಗೆದುಕೊಳ್ಳಿ. ಅದು 8ಕ್ಕಿಂತ ಹೆಚ್ಚಿದ್ದರೆ ಅದಕ್ಕೆ 16 ಕೂಡಿಸಿ, 116ರಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿ. 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ 903.3ರಿಂದ ಭಾಗಿಸಿದರೆ ಸಾಕು. ಉತ್ತರವೇ ನೀವು ಇಡಬೇಕಾದ ಡ್ಯೂಟಿ, ಅಂದರೆ ಹಚ್ಚಿದ ಅವಧಿಯ ಪಾಲು. ಇದನ್ನು ಓಡುವ ಪ್ರೋಗ್ರಾಮಿನಲ್ಲಿ ಪ್ರತಿ ಬಾರಿ ಲೆಕ್ಕಿಸುವ ಬದಲು ಮೊದಲೇ ಕೋಷ್ಟಕ ಮಾಡಿ ಫ್ಲಾಷ್ ಮೆಮೊರಿಯಲ್ಲಿ ಇಟ್ಟುಕೊಳ್ಳಿ.

ಇಷ್ಟು ಮಾಡಿದ ಕೂಡಲೇ ಎರಡನೆಯ ತೊಂದರೆ ಇನ್ನಷ್ಟು ಎದ್ದು ಕಾಣುತ್ತದೆ. ಕಣ್ಣಿನ ಲೆಕ್ಕದ ಮೊದಲ 8 ಭಾಗಗಳು ನಿಜವಾದ ಬೆಳಕಿನ ಶೇಕಡ 0.9ರೊಳಗೇ ಅಡಗಿವೆ. 255 ಮೆಟ್ಟಿಲುಗಳಲ್ಲಿ ಅಷ್ಟಕ್ಕೆ ಸಿಗುವುದು ಎರಡೇ ಮೆಟ್ಟಿಲು. ಒಂದರಿಂದ ಎರಡಕ್ಕೆ ಹೋದರೆ ಬೆಳಕು ಒಮ್ಮೆಗೇ ಇಮ್ಮಡಿ. ನಿಮಗೆ ಕಾಣುತ್ತಿರುವ ನೆಗೆತ ಇದೇ. ಡ್ಯೂಟಿ ಇಡಲು ಬಳಸುವ 8 ಬಿಟ್ಟಿನ ಅನಲಾಗ್‌ರೈಟ್ ಆಜ್ಞೆ ಇಲ್ಲಿಗೆ ಸಾಲದು. ಊನೋದ ಟೈಮರ್ 1 ಹದಿನಾರು ಬಿಟ್ಟಿನದು, 9 ಮತ್ತು 10ನೇ ಪಿನ್ನುಗಳು ಅದರವು. ಅದನ್ನು ಫಾಸ್ಟ್ ಪಿಡಬ್ಲ್ಯೂಎಂ ವಿಧಾನದಲ್ಲಿಟ್ಟು, ಐಸಿಆರ್1 ರಿಜಿಸ್ಟರಿಗೆ 7999 ಬರೆದು, ಪ್ರೀಸ್ಕೇಲರ್ (ಗಡಿಯಾರದ ವೇಗ ತಗ್ಗಿಸುವ ಭಾಜಕ) ಇಲ್ಲದೆ ನಡೆಸಿದರೆ 16 ಮೆಗಾಹರ್ಟ್ಸ್ ಗಡಿಯಾರದಿಂದ 2,000 ಹರ್ಟ್ಸಿನಲ್ಲಿ 8,000 ಮೆಟ್ಟಿಲುಗಳು ಸಿಗುತ್ತವೆ. ಕಣ್ಣಿನ ಲೆಕ್ಕದ ಶೇಕಡ 1ಕ್ಕೂ ಆಗ ಸುಮಾರು ಒಂಬತ್ತು ಮೆಟ್ಟಿಲುಗಳಿರುತ್ತವೆ. ಮೂರು ಬಣ್ಣಗಳಿಗೆ ಈ ಎರಡು ಪಿನ್ ಸಾಲುವುದಿಲ್ಲವಾದ್ದರಿಂದ, 16 ಚಾನೆಲ್ಲುಗಳನ್ನೂ 12 ಬಿಟ್ಟುಗಳನ್ನೂ ಕೊಡುವ ಪಿಸಿಎ9685 ಐಸಿಯನ್ನು ಜೋಡಿಸಿಕೊಳ್ಳಬಹುದು. ನನ್ನನ್ನು ಕೇಳಿದರೆ ಇಎಸ್‌ಪಿ32 ಎಂಬ ಇನ್ನೊಂದು ಮೈಕ್ರೋಕಂಟ್ರೋಲರಿಗೆ ಹೋಗುವುದೇ ಮೇಲು. ಅದರಲ್ಲಿ 5,000 ಹರ್ಟ್ಸಿನಲ್ಲಿ 13 ಬಿಟ್ಟುಗಳು ಎಲ್ಲ ಚಾನೆಲ್ಲುಗಳಿಗೂ ಸಿಗುತ್ತವೆ.

ಆವರ್ತನವೂ ಮುಖ್ಯವೇ. ಊನೋದ ಸಾಮಾನ್ಯ 490 ಹರ್ಟ್ಸ್ ನೇರವಾಗಿ ನೋಡಿದರೆ ಮಿನುಗುವುದಿಲ್ಲ, ಆದರೆ ಕಣ್ಣನ್ನು ವೇಗವಾಗಿ ಹೊರಳಿಸಿದರೆ ಬಿಂದುಗಳ ಸಾಲಾಗಿ ಕಾಣುತ್ತದೆ. ಎಂಜಿನಿಯರುಗಳ ಐಇಇಇ ಸಂಸ್ಥೆಯ 2015ರ 1789 ಸಂಖ್ಯೆಯ ಶಿಫಾರಸಿನ ಪ್ರಕಾರ, ಪೂರ್ತಿ ಹಚ್ಚಿ ಪೂರ್ತಿ ಆರಿಸುವ ದೀಪಗಳಿಗೆ 1,250 ಹರ್ಟ್ಸ್ ಮೀರಿದ ಮೇಲೆ ಮಿನುಗಿನ ಅಪಾಯ ಕಡಿಮೆ, 3,000 ಹರ್ಟ್ಸ್ ಮೀರಿದ ಮೇಲೆ ಗಮನಾರ್ಹ ಪರಿಣಾಮವಿಲ್ಲ.

ಹಾಗೆಂದು ಆವರ್ತನವನ್ನು ಮನಸ್ಸಿಗೆ ಬಂದಷ್ಟು ಏರಿಸುವಂತಿಲ್ಲ. ಮೇಲಿನ ಸುರಪುರದ ದೀಪವನ್ನೇ ಪಿಡಬ್ಲ್ಯೂಎಂನಿಂದ ನಡೆಸಿದರೆ, ಪ್ರತಿ ಬಾರಿ ಹಚ್ಚಿದಾಗಲೂ 68 ಮೈಕ್ರೋಹೆನ್ರಿಯ ಇಂಡಕ್ಟರಿನಲ್ಲಿ ಕರೆಂಟು ಸೊನ್ನೆಯಿಂದ ಏರಬೇಕು. 12 ವೋಲ್ಟಿನಲ್ಲಿ ಅದಕ್ಕೆ ಸುಮಾರು 9 ಮೈಕ್ರೋಸೆಕೆಂಡ್ ಹಿಡಿಯುತ್ತದೆ. 1,000 ಹರ್ಟ್ಸಿನಲ್ಲಿ ಶೇಕಡ 1ರ ಡ್ಯೂಟಿ ಎಂದರೆ 10 ಮೈಕ್ರೋಸೆಕೆಂಡ್ ಮಾತ್ರ. ಕರೆಂಟು ಮೇಲೆ ಮುಟ್ಟುವಷ್ಟರಲ್ಲಿ ಆರಿಸುವ ಹೊತ್ತಾಗಿರುತ್ತದೆ. ಆದ್ದರಿಂದ ಮಂದ ಬೆಳಕು ಚೆನ್ನಾಗಿ ಬೇಕಾದಲ್ಲಿ ಇಂಡಕ್ಟರ್ ಇಲ್ಲದ, ಸ್ಥಿರ ಕರೆಂಟಿನ ಲೀನಿಯರ್ ಡ್ರೈವರಿಗೆ ಪಿಡಬ್ಲ್ಯೂಎಂ ಕೊಡುವುದು ಒಳ್ಳೆಯದು.

ಇನ್ನು ಬಣ್ಣ. ಕಿತ್ತಳೆಗೆ ನೀವು ಕೆಂಪು 200, ಹಸಿರು 60, ನೀಲಿ 5 ಇಟ್ಟಿದ್ದೀರಿ ಎಂದುಕೊಳ್ಳೋಣ. ಅದನ್ನು ಶೇಕಡ 2ಕ್ಕೆ ಇಳಿಸಿದರೆ 4, 1, 0 ಆಗುತ್ತದೆ. ನೀಲಿ ಅಳಿಸಿಹೋಯಿತು, ಹಸಿರು 1.2 ಇರಬೇಕಾದಲ್ಲಿ 1ಕ್ಕೆ ನಿಂತಿತು. ಮೆಟ್ಟಿಲುಗಳು ಹೆಚ್ಚಿದರೆ ಇದು ತಾನಾಗಿಯೇ ಸರಿಹೋಗುತ್ತದೆ. ಕಣ್ಣಿನ ತಿದ್ದುಪಡಿಯನ್ನು ಒಟ್ಟು ಬೆಳಕಿನ ಮಟ್ಟಕ್ಕೆ ಮಾಡಿ, ಬಂದ ಸಂಖ್ಯೆಯಿಂದ ಮೂರೂ ಬಣ್ಣಗಳ ಡ್ಯೂಟಿಯನ್ನು ಸಮನಾಗಿ ಗುಣಿಸಬೇಕು. ಮಂಕಾಗಿಸುವ ಹೊತ್ತಿನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಬೇರೆಯಾಗಿ ಅದನ್ನು ಹಚ್ಚಿದರೆ ಅನುಪಾತ ಕೆಟ್ಟು ಬಣ್ಣ ಜಾರುತ್ತದೆ. ಸುರಪುರದ ಓದುಗರಿಗೆ ಹೇಳಿದಂತೆ ಕರೆಂಟನ್ನೇ ತಗ್ಗಿಸಿ ಮಂಕಾಗಿಸುವ ವಿಧಾನವೂ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಕರೆಂಟು ಕಡಿಮೆಯಾದಾಗ ಹಸಿರು ಎಲ್‌ಇಡಿಯ ಬಣ್ಣ ಹಳದಿಯ ಕಡೆ ಸರಿಯುತ್ತದೆ. ಗುಡಿಸಲಿನ ಬಿಳಿ ದೀಪದಲ್ಲಿ ಅಂಥದ್ದು ಯಾರ ಗಮನಕ್ಕೂ ಬರುವುದಿಲ್ಲ, ಬಣ್ಣ ಬೆರೆಸುವ ದೀಪದಲ್ಲಿ ಬರುತ್ತದೆ.

ಪ್ರಶ್ನೆ: ಮನೆಯ ಎಲ್‌ಇಡಿ ಬಲ್ಬನ್ನು ಫ್ಯಾನಿನ ರೆಗ್ಯುಲೇಟರಿಗೆ ಜೋಡಿಸಿ ಬೆಳಕು ಕಡಿಮೆ ಮಾಡಬಹುದೇ? — ಶಹಾಪುರದ ಓದುಗರು

ಉತ್ತರ: ಬೇಡ. ಬಲ್ಬಿನೊಳಗೆ ಅದರದೇ ಡ್ರೈವರ್ ಇದೆ. ಹೊರಗಿನಿಂದ ವೋಲ್ಟೇಜು ಕತ್ತರಿಸಿದರೆ ಅದು ಕರೆಂಟನ್ನು ಕಾಯ್ದುಕೊಳ್ಳಲು ಹೆಣಗುತ್ತದೆ, ಬಲ್ಬು ಮಿನುಗುತ್ತದೆ, ಬಿಸಿಯಾಗುತ್ತದೆ, ಬೇಗ ಹೋಗುತ್ತದೆ. ಡಿಮ್ಮಬಲ್ ಎಂದು ಬರೆದಿರುವ ಬಲ್ಬು ಮತ್ತು ಅದಕ್ಕೆ ಹೊಂದುವ ಎಲ್‌ಇಡಿ ಡಿಮ್ಮರ್ ಕೊಳ್ಳಿ. ಬಲ್ಬನ್ನು ಬಿಚ್ಚಿ ಒಳಗಿನ ಡ್ರೈವರನ್ನು ತಿದ್ದಲು ಹೋಗಬೇಡಿ. ಅಗ್ಗದ ಬಲ್ಬುಗಳಲ್ಲಿ ಎಲ್‌ಇಡಿ ಫಲಕ ಮತ್ತು 230 ವೋಲ್ಟಿನ ಲೈನಿನ ನಡುವೆ ಪ್ರತ್ಯೇಕತೆಯೇ ಇರುವುದಿಲ್ಲ, ಮತ್ತು ಆ ಲೈನಿನ ಶಿಖರ ವೋಲ್ಟೇಜು 325.

ಪ್ರಶ್ನೆ: ಕಲ್ಯಾಣ ಮಂಟಪವೊಂದಕ್ಕೆ 12 ವೋಲ್ಟಿನ ಆರ್‌ಜಿಬಿ (ಕೆಂಪು–ಹಸಿರು–ನೀಲಿ) ಎಲ್‌ಇಡಿ ಸ್ಟ್ರಿಪ್ ಹಾಕಿದ್ದೇನೆ. ಬಿಳಿ ಬಣ್ಣ ಇಟ್ಟಾಗ ಆರಂಭದಲ್ಲಿ ಬಿಳಿ, ಕೊನೆಯಲ್ಲಿ ಕೆಂಪು ಛಾಯೆ. ಸ್ಟ್ರಿಪ್ ನಕಲಿಯೇ? — ಎಲೆಕ್ಟ್ರಿಷಿಯನ್, ಬಸವಕಲ್ಯಾಣ

ಉತ್ತರ: ಸ್ಟ್ರಿಪ್ ಅಸಲಿಯೇ ಆಗಿದ್ದರೂ ಹೀಗಾಗುತ್ತದೆ. ಇಂಥ ಸ್ಟ್ರಿಪ್ಪಿನಲ್ಲಿ ಪ್ರತಿ ಬಣ್ಣದ ಮೂರು ಎಲ್‌ಇಡಿಗಳು ಒಂದು ರೆಸಿಸ್ಟರಿನೊಂದಿಗೆ ಸರಣಿಯಲ್ಲಿರುತ್ತವೆ. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕಾದ್ದರಿಂದ ಮೂರಕ್ಕೆ 6 ವೋಲ್ಟ್; ಉಳಿದ 6 ವೋಲ್ಟಿಗೆ 330 ಓಮ್ ಹಾಕಿ 18 ಮಿಲಿಆಂಪಿಯರ್ ಹರಿಸುತ್ತಾರೆ. ನೀಲಿ ಮತ್ತು ಹಸಿರಿಗೆ 9.3 ವೋಲ್ಟ್ ಬೇಕು, ಉಳಿಯುವುದು 2.7 ವೋಲ್ಟ್, ಅದಕ್ಕೆ 150 ಓಮ್ ಹಾಕಿದರೆ ಅದೇ 18 ಮಿಲಿಆಂಪಿಯರ್. ಈಗ ಸ್ಟ್ರಿಪ್ಪಿನ ಕೊನೆಗೆ 11 ವೋಲ್ಟ್ ಮಾತ್ರ ತಲುಪಿತೆನ್ನಿ. ಕೆಂಪಿನಲ್ಲಿ 15 ಮಿಲಿಆಂಪಿಯರ್ ಉಳಿಯುತ್ತದೆ, ನೀಲಿ ಮತ್ತು ಹಸಿರಿನಲ್ಲಿ 11 ಮಾತ್ರ. ಒಂದೇ ವೋಲ್ಟಿನ ಕೊರತೆ ಕೆಂಪಿನಿಂದ ಆರನೇ ಒಂದು ಭಾಗವನ್ನೂ ನೀಲಿ–ಹಸಿರಿನಿಂದ ಮೂರನೇ ಒಂದಕ್ಕಿಂತ ಹೆಚ್ಚನ್ನೂ ಕಿತ್ತುಕೊಂಡಿತು. ಉಳಿದ ಬೆಳಕು ಕೆಂಪಗೆ ಕಾಣಲೇಬೇಕು.

ಆ ಒಂದು ವೋಲ್ಟ್ ಹೋಗುವುದು ಕೇವಲ ಸ್ಟ್ರಿಪ್ಪಿನಲ್ಲಲ್ಲ. ಮೀಟರಿಗೆ 14.4 ವಾಟಿನ 5 ಮೀಟರ್ ಸ್ಟ್ರಿಪ್ 6 ಆಂಪಿಯರ್ ಎಳೆಯುತ್ತದೆ. ಪವರ್ ಸಪ್ಲೈಯನ್ನು ವೇದಿಕೆಯಿಂದ 10 ಮೀಟರ್ ದೂರದ ಸ್ವಿಚ್‌ಬೋರ್ಡಿನ ಬಳಿ ಇಟ್ಟು 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದರೆ, ಹೋಗಿ ಬರುವ 20 ಮೀಟರಿಗೆ ಸುಮಾರು 0.24 ಓಮ್. ಸ್ಟ್ರಿಪ್ ಶುರುವಾಗುವ ಮೊದಲೇ 1.4 ವೋಲ್ಟ್ ಹೋಗಿರುತ್ತದೆ. ಎಲ್ಲವನ್ನೂ ಪೂರ್ಣ ಬಿಳಿಯಲ್ಲಿ ಇಟ್ಟು ಸಪ್ಲೈ ಬಳಿ, ಸ್ಟ್ರಿಪ್ಪಿನ ಆರಂಭದಲ್ಲಿ ಮತ್ತು ಕೊನೆಯಲ್ಲಿ ಹೀಗೆ ಮೂರು ಕಡೆ ವೋಲ್ಟೇಜು ಅಳೆಯಿರಿ. ಯಾವ ಭಾಗ ನುಂಗುತ್ತಿದೆ ಎಂಬುದು ತಕ್ಷಣ ತಿಳಿಯುತ್ತದೆ. ತಂತಿ ನುಂಗುತ್ತಿದ್ದರೆ ದಪ್ಪ ತಂತಿ ಹಾಕಿ ಅಥವಾ ಸಪ್ಲೈಯನ್ನು ಹತ್ತಿರ ತನ್ನಿ. ಸ್ಟ್ರಿಪ್ ನುಂಗುತ್ತಿದ್ದರೆ ಧನ ತಂತಿಯನ್ನೂ ಮೂರು ಬಣ್ಣಗಳ ತಂತಿಗಳನ್ನೂ ಎರಡೂ ತುದಿಗಳಿಗೆ ಕೊಡಿ. ಮುಂದಿನ ಕೆಲಸಕ್ಕೆ 24 ವೋಲ್ಟಿನ ಸ್ಟ್ರಿಪ್ ಕೊಂಡರೆ ಕರೆಂಟು ಅರ್ಧ, ತಂತಿಯಲ್ಲಿ ಕಳೆದುಹೋಗುವ ವೋಲ್ಟೇಜೂ ಅರ್ಧ. ಸಪ್ಲೈಯ ತಿರುಪು ತಿರುಗಿಸಿ 13 ವೋಲ್ಟಿಗೆ ಏರಿಸುವ ರೂಢಿ ನಮ್ಮ ಕಡೆ ಇದೆ. ಅದರಿಂದ ಕೊನೆ ಸರಿಹೋದರೂ ಮೊದಲ ಮೀಟರಿನ ಎಲ್‌ಇಡಿಗಳು ಮಿತಿ ಮೀರಿ ಉರಿಯುತ್ತವೆ.

ಪ್ರಶ್ನೆ: ಹವ್ಯಾಸಿ ನಾಟಕ ತಂಡಕ್ಕಾಗಿ 30 ವಾಟಿನ ಆರ್‌ಜಿಬಿ ರಂಗದೀಪಗಳನ್ನು ನಾವೇ ಮಾಡಿಕೊಂಡಿದ್ದೇವೆ. ಶರಣಬಸವೇಶ್ವರ ಜಾತ್ರೆಯ ದಿನಗಳಲ್ಲಿ ತಗಡಿನ ಮಾಡಿನ ಕೆಳಗೆ ನಾಟಕವಾಡಿದಾಗ ಆರಂಭದಲ್ಲಿ ಬಿಳಿಯಾಗಿದ್ದ ಬೆಳಕು ಒಂದು ಗಂಟೆಯ ನಂತರ ನೀಲಿ–ಹಸಿರಾಗಿ, ನಟರ ಮುಖ ಕಳೆಗುಂದಿ ಕಾಣುತ್ತಿತ್ತು. ಚಳಿಗಾಲದಲ್ಲಿ ಹೀಗಾಗಿರಲಿಲ್ಲ. — ಕಲಬುರಗಿಯ ರಂಗಾಸಕ್ತರು

ಉತ್ತರ: ನಿಮ್ಮ ಕೊನೆಯ ಮಾತಿನಲ್ಲೇ ಕಾರಣವಿದೆ. ಕೆಂಪು ಎಲ್‌ಇಡಿಯನ್ನು ಅಲ್ಯೂಮಿನಿಯಂ, ಇಂಡಿಯಂ, ಗ್ಯಾಲಿಯಂ ಸೇರಿದ ಫಾಸ್ಫೈಡಿನಿಂದ ಮಾಡುತ್ತಾರೆ. ನೀಲಿ ಮತ್ತು ಹಸಿರನ್ನು ಇಂಡಿಯಂ ಗ್ಯಾಲಿಯಂ ನೈಟ್ರೈಡಿನಿಂದ. ಮೊದಲನೆಯದಕ್ಕೆ ಬಿಸಿ ಆಗಿಬರುವುದಿಲ್ಲ. 25 ಡಿಗ್ರಿಯಿಂದ 85 ಡಿಗ್ರಿಗೆ ಬಿಸಿಯಾದಾಗ ನೀಲಿ ತನ್ನ ಬೆಳಕಿನ ಹತ್ತನೇ ಒಂದರಷ್ಟು ಕಳೆದುಕೊಂಡರೆ, ಬಹಳಷ್ಟು ಕೆಂಪು ಎಲ್‌ಇಡಿಗಳು ಮೂರನೇ ಒಂದರಷ್ಟು ಕಳೆದುಕೊಳ್ಳುತ್ತವೆ. ಕರೆಂಟನ್ನು ಎಷ್ಟೇ ನಿಖರವಾಗಿ ಹಿಡಿದಿಟ್ಟರೂ ಇದು ತಪ್ಪುವುದಿಲ್ಲ; ಡ್ರೈವರಿಗೆ ಬಿಸಿಯ ಅರಿವೂ ಇರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ, ಹಗಲೆಲ್ಲ ಕಾದ ತಗಡಿನ ಕೆಳಗೆ ತೂಗಿದ ದೀಪದ ಸುತ್ತಲಿನ ಗಾಳಿ, ವಿನ್ಯಾಸಕಾರರು ಸಾಮಾನ್ಯವಾಗಿ ಎಣಿಸಿಕೊಳ್ಳುವ 25 ಡಿಗ್ರಿಗಿಂತ ಬಹಳ ಮೇಲಿರುತ್ತದೆ.

ಮೊದಲು ಶಾಖ ಹೊರಹಾಕುವ ಲೋಹದ ಹೀಟ್‌ಸಿಂಕ್ ನೋಡಿಕೊಳ್ಳಿ. 30 ವಾಟಿನಲ್ಲಿ ಮುಕ್ಕಾಲು ಪಾಲಿನಷ್ಟು ಶಾಖವಾಗುತ್ತದೆ ಎಂದಿಟ್ಟುಕೊಂಡರೆ, ಪ್ರತಿ ವಾಟಿಗೆ 1 ಡಿಗ್ರಿ ಏರುವ ಹೀಟ್‌ಸಿಂಕ್ ಸುತ್ತಲಿನ ಗಾಳಿಗಿಂತ 22 ಡಿಗ್ರಿಯಷ್ಟು ಮೇಲೆ ನಿಲ್ಲುತ್ತದೆ. ಪ್ರತಿ ವಾಟಿಗೆ 3 ಡಿಗ್ರಿ ಏರುವ ಚಿಕ್ಕದು ಹಾಕಿದ್ದರೆ 67 ಡಿಗ್ರಿ ಮೇಲೆ. ಬೇಸಿಗೆಯಲ್ಲಿ ಅದು ನೂರು ದಾಟುತ್ತದೆ. ಬಣ್ಣದ ಮಾತು ಹಾಗಿರಲಿ, ದೀಪವೇ ಬಾಳುವುದಿಲ್ಲ.

ನಂತರ ಎಲ್‌ಇಡಿ ಫಲಕದ ಮೇಲೆ 10 ಕಿಲೋಓಮಿನ ಎನ್‌ಟಿಸಿ ಥರ್ಮಿಸ್ಟರ್ (ಬಿಸಿಯಾದಂತೆ ಪ್ರತಿರೋಧ ತಗ್ಗುವ ಬಿಡಿಭಾಗ) ಅಂಟಿಸಿ ಮೈಕ್ರೋಕಂಟ್ರೋಲರಿಗೆ ಓದಿಸಿ. ತಣ್ಣಗಿದ್ದಾಗ ಬಿಳಿ ಬಣ್ಣವನ್ನು ಕೆಂಪಿನ ಡ್ಯೂಟಿ ಶೇಕಡ 65ರ ಆಸುಪಾಸಿನಲ್ಲಿರುವಂತೆ ಹೊಂದಿಸಿಕೊಳ್ಳಿ. ದೀಪ ಕಾದಂತೆ ಕೆಂಪನ್ನು ಏರಿಸಲು ಆಗ ಜಾಗವಿರುತ್ತದೆ. ಕೆಂಪು ಮೊದಲೇ ಶೇಕಡ 100ರಲ್ಲಿದ್ದರೆ ಉಳಿದೆರಡನ್ನು ತಗ್ಗಿಸುವುದೊಂದೇ ದಾರಿ. ತಿದ್ದುಪಡಿಯ ಪ್ರಮಾಣವನ್ನು ನಿಮ್ಮ ಎಲ್‌ಇಡಿಯ ಡೇಟಾಶೀಟಿನಲ್ಲಿರುವ ಉಷ್ಣತೆ–ಬೆಳಕಿನ ರೇಖೆಯಿಂದ ತೆಗೆದುಕೊಂಡು, ಅರ್ಧ ಗಂಟೆ ಕಾಯಿಸಿ, ಬಿಳಿ ಬಟ್ಟೆಯ ಮೇಲೆ ಬೆಳಕು ಬೀಳಿಸಿ ಕಣ್ಣಿನಿಂದ ಕೊನೆಯ ಹೊಂದಾಣಿಕೆ ಮಾಡಿ. ಫಲಕ 80 ಡಿಗ್ರಿ ದಾಟಿದರೆ ಮೂರೂ ಬಣ್ಣಗಳನ್ನು ಒಂದೇ ಅನುಪಾತದಲ್ಲಿ ತಗ್ಗಿಸುವ ಸಾಲನ್ನೂ ಪ್ರೋಗ್ರಾಮಿಗೆ ಸೇರಿಸಿ. ಪ್ರೇಕ್ಷಕರು ಸ್ವಲ್ಪ ಮಂದ ಬೆಳಕನ್ನು ಗಮನಿಸುವುದಿಲ್ಲ. ಮುಖದ ಬಣ್ಣ ಕೆಟ್ಟರೆ ಗಮನಿಸುತ್ತಾರೆ.

ಪ್ರಶ್ನೆ: ಇಎಸ್‌ಪಿ32ರಿಂದ ಐಆರ್‌ಎಫ್540ಎನ್ ಮಾಸ್ಫೆಟ್ (ಸ್ವಿಚ್ಚಿನಂತೆ ಬಳಸುವ ಟ್ರಾನ್ಸಿಸ್ಟರ್) ಮೂಲಕ ಸ್ಟ್ರಿಪ್ ನಡೆಸುತ್ತಿದ್ದೇನೆ. ಕೇವಲ 2 ಆಂಪಿಯರಿಗೇ ಮಾಸ್ಫೆಟ್ ಕೈ ಸುಡುತ್ತದೆ. ಅದರ ಥ್ರೆಶೋಲ್ಡ್ 2ರಿಂದ 4 ವೋಲ್ಟ್ ಎಂದಿದೆ, ನಾನು 3.3 ಕೊಡುತ್ತಿದ್ದೇನೆ. — ಯಾದಗಿರಿಯ ಓದುಗರು

ಉತ್ತರ: ಥ್ರೆಶೋಲ್ಡ್ ಎಂದರೆ ಮಾಸ್ಫೆಟ್ ಪೂರ್ತಿ ತೆರೆದುಕೊಳ್ಳುವ ವೋಲ್ಟೇಜಲ್ಲ, ಬರೀ 250 ಮೈಕ್ರೋಆಂಪಿಯರ್ ಹರಿಯಲು ಶುರುವಾಗುವ ವೋಲ್ಟೇಜು. ಡೇಟಾಶೀಟಿನಲ್ಲಿ ನೋಡಬೇಕಾದ ಸಾಲು ಆನ್ ಪ್ರತಿರೋಧದ್ದು, ಮತ್ತು ಗೇಟ್ ಎಂಬ ನಿಯಂತ್ರಣ ಕಾಲಿಗೆ ಎಷ್ಟು ವೋಲ್ಟ್ ಕೊಟ್ಟು ಅದನ್ನು ಅಳೆದಿದ್ದಾರೆ ಎಂಬುದು. ನಿಮ್ಮ ಮಾಸ್ಫೆಟ್ಟಿಗೆ ಅದು 10 ವೋಲ್ಟ್. 3.3 ವೋಲ್ಟಿನಲ್ಲಿ ಅದು ಅರೆಬರೆ ತೆರೆದು ತಾನೇ ರೆಸಿಸ್ಟರಿನಂತೆ ಕಾಯುತ್ತಿದೆ. ಎಒ3400ಎ ತೆಗೆದುಕೊಳ್ಳಿ, 2.5 ವೋಲ್ಟಿನ ಗೇಟಿಗೇ ಅದರ ಪ್ರತಿರೋಧ ಹೆಚ್ಚೆಂದರೆ 48 ಮಿಲಿಓಮ್, 2 ಆಂಪಿಯರಿನಲ್ಲಿ ಶಾಖ 0.2 ವಾಟಿನೊಳಗೆ. ಗೇಟಿಗೆ 100 ಓಮ್ ಸರಣಿಯಲ್ಲಿ, ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್ ಹಾಕಿ. ಎರಡನೆಯದನ್ನು ಬಿಟ್ಟರೆ ಬೋರ್ಡು ಶುರುವಾಗುವ ಕ್ಷಣದಲ್ಲಿ ಗೇಟು ತೇಲುತ್ತಿದ್ದು, ದೀಪಗಳು ಒಮ್ಮೆ ಮಿಂಚಿ ಆರುತ್ತವೆ.

ಪ್ರಶ್ನೆ: ನಮ್ಮದು ಬಿದರಿ ಕಲಾಕೃತಿಗಳ ಅಂಗಡಿ. ಗಾಜಿನ ಕಪಾಟಿನಲ್ಲಿ ಹಾಕಿದ ಎಲ್‌ಇಡಿಯಲ್ಲಿ ಬೆಳ್ಳಿಯ ಕುಸುರಿ ಹಳದಿಯಾಗಿ ಕಾಣುತ್ತದೆ, ಕಪ್ಪು ಮೈಮೇಲೆ ಬಿಂದು ಬಿಂದು ಹೊಳಪು ಬೀಳುತ್ತದೆ. ಗ್ರಾಹಕರು ಮೊಬೈಲಿನಲ್ಲಿ ವಿಡಿಯೋ ತೆಗೆದರೆ ಅಡ್ಡಪಟ್ಟಿಗಳು ಓಡುತ್ತವೆ. ಬಿಳುಪನ್ನು ಬೇಕಾದಂತೆ ಬದಲಿಸುವ ದೀಪ ಮಾಡಿಸಬಹುದೇ? — ಬೀದರಿನ ಓದುಗರು

ಉತ್ತರ: ಖಂಡಿತ ಮಾಡಿಸಬಹುದು, ಮತ್ತು ಈ ಕಲೆಗೆ ಅಷ್ಟು ಕಾಳಜಿ ಸಲ್ಲಬೇಕು. ಸತುವು–ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಲೋಹವನ್ನಷ್ಟೇ ಕಪ್ಪಾಗಿಸುವ ಈ ಕೆಲಸದ ಸೊಗಸೆಲ್ಲ ಇರುವುದು ಕಪ್ಪು ಮತ್ತು ಬೆಳ್ಳಿಯ ಅಂತರದಲ್ಲಿ. ಬೆಳ್ಳಿ ಕನ್ನಡಿಯಂಥದ್ದು, ತನ್ನ ಮೇಲೆ ಬಿದ್ದ ಬೆಳಕಿನ ಬಣ್ಣವನ್ನೇ ತೋರಿಸುತ್ತದೆ. ಬಿಳುಪಿನ ಛಾಯೆಯನ್ನು ಕೆಲ್ವಿನ್ನಿನಲ್ಲಿ ಅಳೆಯುತ್ತಾರೆ, ಸಂಖ್ಯೆ ಏರಿದಷ್ಟೂ ಬೆಳಕು ಹಳದಿಯಿಂದ ನೀಲಿಯ ಕಡೆ ಸರಿಯುತ್ತದೆ. 2,700 ಕೆಲ್ವಿನ್ನಿನ ಹಳದಿ ಬಿಳುಪು ಹಾಕಿದ್ದರೆ ಬೆಳ್ಳಿ ಹಿತ್ತಾಳೆಯಂತೆ ಕಾಣದೆ ಬೇರೆ ದಾರಿಯಿಲ್ಲ.

ಒಂದು ಸಾಲು 2,700 ಕೆಲ್ವಿನ್, ಇನ್ನೊಂದು ಸಾಲು 6,500 ಕೆಲ್ವಿನ್ ಎಲ್‌ಇಡಿ ಹಾಕಿ ಎರಡಕ್ಕೂ ಪ್ರತ್ಯೇಕ ಸ್ಥಿರ ಕರೆಂಟಿನ ಚಾನೆಲ್ ಕೊಡಿಸಿ. ಒಂದರ ಡ್ಯೂಟಿ ಏರಿದಷ್ಟು ಇನ್ನೊಂದರದ್ದು ಇಳಿಯುವಂತೆ, ಮೊತ್ತ ಸದಾ ಶೇಕಡ 100 ಇರುವಂತೆ ಮಾಡಿದರೆ ಬಿಳುಪು ಬದಲಾದರೂ ಬೆಳಕಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇರುತ್ತದೆ. ಒಂದು ಸಾಲು ಆರುವ ಕ್ಷಣದಲ್ಲೇ ಇನ್ನೊಂದು ಹೊತ್ತುವಂತೆ ಪಿಡಬ್ಲ್ಯೂಎಂ ಹೊಂದಿಸಿದರೆ ಪವರ್ ಸಪ್ಲೈ ಮೇಲಿನ ಹೊರೆ ಸಮನಾಗಿರುತ್ತದೆ, ಒಂದು ಸಾಲಿಗೆ ಸಾಲುವ ಸಪ್ಲೈ ಎರಡಕ್ಕೂ ಸಾಕು. ಎರಡನ್ನೂ ಸಮನಾಗಿ ಬೆರೆಸಿದರೆ ನಡುವಿನ 4,600 ಸಿಗುತ್ತದೆ ಎಂದು ಎಣಿಸಬೇಡಿ. ಸಮ ಬೆಳಕು ಬೆರೆತರೆ ಬರುವುದು 4,000 ಕೆಲ್ವಿನ್ನಿನ ಆಸುಪಾಸು, ಅದೂ ನವಿರಾದ ಗುಲಾಬಿ ಛಾಯೆಯೊಂದಿಗೆ, ಏಕೆಂದರೆ ಎರಡು ಬಿಳುಪುಗಳನ್ನು ಸೇರಿಸುವ ನೇರ ಗೆರೆ ನೈಸರ್ಗಿಕ ಬಿಳುಪಿನ ಬಾಗಿದ ರೇಖೆಗಿಂತ ಕೆಳಗೆ ಹಾದುಹೋಗುತ್ತದೆ. ಬೆಳ್ಳಿಯ ಮೇಲೆ ಆ ಛಾಯೆಯೂ ಕಾಣುತ್ತದೆ. ಆದ್ದರಿಂದ ಬದಲಿಸುವ ಅಗತ್ಯ ನಿಜಕ್ಕೂ ಇಲ್ಲದಿದ್ದರೆ, ಸಿಆರ್‌ಐ (ವಸ್ತುಗಳ ಬಣ್ಣವನ್ನು ಸಹಜವಾಗಿ ತೋರಿಸುವ ಗುಣದ ಅಂಕ) 90ಕ್ಕಿಂತ ಹೆಚ್ಚಿರುವ 4,000 ಕೆಲ್ವಿನ್ನಿನ ಒಂದೇ ಸಾಲು ಹಾಕಿ ಬೆಳಕಿನ ಮಟ್ಟವನ್ನಷ್ಟೇ ಏರಿಳಿಸುವುದು ನನ್ನ ಸಲಹೆ. ಕೆಂಪು, ಹಸಿರು, ನೀಲಿ ಬೆರೆಸಿ ಮಾಡಿದ ಬಿಳುಪನ್ನು ಇಲ್ಲಿಗೆ ತರಲೇಬೇಡಿ. ಅದರ ಬೆಳಕಿನಲ್ಲಿ ಪಕ್ಕದಲ್ಲಿಟ್ಟ ರೇಷ್ಮೆ ಬಟ್ಟೆಯ, ಮರದ ಪೀಠದ ಬಣ್ಣಗಳು ಕೆಡುತ್ತವೆ.

ಬಿಂದು ಬಿಂದು ಹೊಳಪಿಗೆ ಸರ್ಕೀಟಿನಲ್ಲಿ ಮದ್ದಿಲ್ಲ. ಎಲ್‌ಇಡಿ ಸಾಲಿನ ಮುಂದೆ ಹಾಲುಬಣ್ಣದ ಅಕ್ರಿಲಿಕ್ ಡಿಫ್ಯೂಸರ್ ಇಟ್ಟು, ಬೆಳಕು ಮುಂದಿನಿಂದ ಬೀಳದೆ ಕಪಾಟಿನ ಮೇಲಂಚಿನಿಂದ ಓರೆಯಾಗಿ ಬೀಳುವಂತೆ ಮಾಡಿ. ವಿಡಿಯೋದ ಅಡ್ಡಪಟ್ಟಿಗಳು ಮಾತ್ರ ಡ್ರೈವರಿನ ದೋಷವೇ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ನಡುವೆ ದೀಪ ಆರಿದ ಹೊತ್ತಿನ ಸಾಲುಗಳು ಕಪ್ಪಾಗುತ್ತವೆ. ಪಿಡಬ್ಲ್ಯೂಎಂ ಆವರ್ತನವನ್ನು ಕೆಲವು ನೂರು ಹರ್ಟ್ಸಿನಿಂದ 5,000 ಹರ್ಟ್ಸಿಗಿಂತ ಮೇಲೆ ಒಯ್ದರೆ ಬಹುತೇಕ ಫೋನುಗಳಲ್ಲಿ ಪಟ್ಟಿಗಳು ಮಾಯವಾಗುತ್ತವೆ. ಒಂದೇ ಸಾಲು ಹಾಕುವುದಾದರೆ ಪಿಡಬ್ಲ್ಯೂಎಂ ಬಿಟ್ಟು ಕರೆಂಟನ್ನೇ ತಗ್ಗಿಸುವ ಡ್ರೈವರ್ ಹಾಕಿಸಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ದೀಪವನ್ನು ಅರ್ಧಕ್ಕೆ ತಗ್ಗಿಸಿ ನಿಮ್ಮ ಮೊಬೈಲಿನ ಕ್ಯಾಮೆರಾದಲ್ಲಿ ನೋಡಿ. ಪೂರ್ಣ ಬೆಳಕಿನಲ್ಲಿ ನೋಡಿದರೆ ಈ ದೋಷ ಕಾಣಿಸುವುದಿಲ್ಲ.